ಒಂದು ಮದುವೆಯಿಂದ ಇನ್ನೊಂದು ಮದುವೆಗೆ: ಫ್ರೆಂಚ್ ಕೆನಡಾದಲ್ಲಿ ವಂಶದ ಬೇರು ಹುಡುಕುವ ಬಗೆ

ಟ್ರಾಂಬ್ಲೆ ಎನ್ನುವುದು ಕೆನಡಾದ ಕ್ವಿಬೆಕ್‌ನಲ್ಲಿ ಎಲ್ಲೆಲ್ಲೂ ಕಿವಿಗೆ ಬೀಳುವ ಮನೆತನದ ಹೆಸರು. ಉತ್ತರ ಅಮೆರಿಕದಲ್ಲಿ ಈ ಹೆಸರಿನವರ ಬೇರು ಹಿಡಿದು ಹೋದರೆ ಕೊನೆಗೆ ಸಿಗುವವನು ಒಬ್ಬನೇ, ಪಿಯೇರ್ ಟ್ರಾಂಬ್ಲೆ. ಫ್ರಾನ್ಸಿನ ಪೆರ್ಶ್ ಸೀಮೆಯ ರಾಂದೊನ್ನೆ ಊರಿನವನು. 1657ರ ಅಕ್ಟೋಬರ್ 2ರಂದು ಕ್ವಿಬೆಕ್‌ನಲ್ಲಿ ಓಝಾನ್ ಅಶೋನ್ ಎಂಬುವಳನ್ನು ಮದುವೆಯಾದ. ಅವನ ಅಪ್ಪ ಫಿಲಿಬೇರ್, ಅಮ್ಮ ಜಾನ್ ಕ್ವಾನ್ಯೆ. ಅವಳ ಅಪ್ಪ ಜಾಂ ಅಶೋನ್, ಅಮ್ಮ ಎಲೆನ್ ರೆನೋ. ದೊಡ್ಡ ಮನೆತನದವರ ಮದುವೆಯೇನಲ್ಲ ಅದು. ಆಗಿ 360 ವರ್ಷ ಕಳೆದಿವೆ. ಆದರೂ ಗಂಡಿನ ಕಡೆ, ಹೆಣ್ಣಿನ ಕಡೆ, ಎರಡೂ ಕಡೆಯ ತಂದೆ-ತಾಯಿಯ ಹೆಸರು ಇವತ್ತಿಗೂ ಗೊತ್ತು.

ರಾಜರ ವಂಶಾವಳಿ ಎಲ್ಲ ದೇಶದಲ್ಲೂ ಸಿಗುತ್ತದೆ. ರೈತ, ಬಡಗಿ, ಸಿಪಾಯಿ, ಮನೆಕೆಲಸದ ಹುಡುಗಿ, ಇಂಥವರ ವಂಶಾವಳಿ ಇಷ್ಟು ಗಟ್ಟಿಯಾಗಿ ಉಳಿದಿರುವ ಜಾಗ ಜಗತ್ತಿನಲ್ಲಿ ತುಂಬಾ ಕಡಿಮೆ. ಫ್ರೆಂಚ್ ಕೆನಡಾ ಅಂಥ ಒಂದು ಜಾಗ. ಹೇಗೆ ಅಂತ ಕೇಳಿದರೆ ಎಲ್ಲರೂ ಚರ್ಚಿನ ರಿಜಿಸ್ಟರ್ ಕಡೆ ಬೆರಳು ತೋರಿಸುತ್ತಾರೆ. ಅದು ನಿಜವೇ. ಆದರೆ ನನ್ನ ಮಟ್ಟಿಗೆ ಇದರ ಕೀಲಿ ಇನ್ನೂ ಚಿಕ್ಕದು. ಮದುವೆಯ ದಿನ ಬರೆದ ಆ ಹತ್ತು ಹನ್ನೆರಡು ಸಾಲುಗಳಲ್ಲಿ ಇಬ್ಬರು ತಾಯಂದಿರ ಹೆಸರನ್ನೂ ಬರೆದರಲ್ಲ, ಅದು. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಜನ ಎಷ್ಟಿದ್ದರು ಅಂತ ನೋಡೋಣ. ಸಾಮ್ಯುಯೆಲ್ ದ ಶಾಂಪ್ಲೇನ್ ಕ್ವಿಬೆಕ್ ಕಟ್ಟಿದ್ದು 1608ರಲ್ಲಿ. ಸಂಸಾರ ಸಮೇತ ಬಂದು ಬೇರೂರಿದ ಮೊದಲಿಗ ಲೂಯಿ ಎಬೇರ್, ಪ್ಯಾರಿಸ್‌ನ ಔಷಧಿ ವ್ಯಾಪಾರಿ. ಹೆಂಡತಿ ಮರೀ ರೊಲೆ ಮತ್ತು ಮೂರು ಮಕ್ಕಳೊಂದಿಗೆ 1617ರಲ್ಲಿ ಬಂದ. ಆಮೇಲೆ ಟ್ರ್ವಾ-ರಿವಿಯೇರ್ 1634ರಲ್ಲಿ, ಮಾಂಟ್ರಿಯಲ್ 1642ರಲ್ಲಿ ಹುಟ್ಟಿದವು. ಅರ್ಧ ಶತಮಾನ ಕಳೆದರೂ ಜನ ಬೆಳೆಯಲಿಲ್ಲ. 1666ರಲ್ಲಿ ರಾಜಪ್ರತಿನಿಧಿ ಜಾಂ ತಾಲೋಂ ಮಾಡಿಸಿದ ಜನಗಣತಿಯಲ್ಲಿ ಸಿಕ್ಕಿದ್ದು 3,215 ಮಂದಿ. ಅದರಲ್ಲಿ ಗಂಡಸರು 2,034, ಹೆಂಗಸರು 1,181. ಈ ಕೊರತೆ ತುಂಬಲು ಹದಿನಾಲ್ಕನೇ ಲೂಯಿ 1663ರಿಂದ 1673ರವರೆಗೆ ಸುಮಾರು 770 ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಕಳಿಸಿದ. ಅವರನ್ನು 'ರಾಜನ ಹೆಣ್ಣುಮಕ್ಕಳು' ಎಂದೇ ಕರೆಯುತ್ತಾರೆ. 1665ರಲ್ಲಿ ಬಂದ ಕಾರಿನ್ಯಾನ್-ಸಾಲಿಯೇರ್ ದಳದ ಸುಮಾರು 1,200 ಸಿಪಾಯಿಗಳಲ್ಲಿ ನಾನೂರರಷ್ಟು ಮಂದಿ ಅಲ್ಲೇ ಉಳಿದರು. ಇಡೀ ಫ್ರೆಂಚ್ ಆಳ್ವಿಕೆಯಲ್ಲಿ ಬಂದು ನೆಲೆ ನಿಂತವರು ಸುಮಾರು ಹತ್ತು ಸಾವಿರ ಅಷ್ಟೇ. 1760ರಲ್ಲಿ ಬ್ರಿಟಿಷರ ಕೈಗೆ ನಾಡು ಹೋಗುವಾಗ ಅವರ ಸಂತಾನ ಎಪ್ಪತ್ತು ಸಾವಿರದ ಹತ್ತಿರ ಬಂದಿತ್ತು. ಹೊರಗಿಂದ ಬಂದವರಿಗಿಂತ ಒಳಗೇ ಹುಟ್ಟಿದವರು ಜಾಸ್ತಿ. ಹಾಗಾಗಿ ಇಂದಿನ ಕ್ವಿಬೆಕ್‌ನವರ ವಂಶವೃಕ್ಷಗಳು ಮೇಲೆ ಹೋದಂತೆ ಒಂದೇ ಕಡೆಗೆ ಸೇರುತ್ತವೆ.

ಎರಡು ಪ್ರತಿ

ಧರ್ಮಕೇಂದ್ರದ ಗುರುಗಳು ಜ್ಞಾನಸ್ನಾನ, ಮದುವೆ, ಸಮಾಧಿ ಈ ಮೂರನ್ನೂ ಬರೆದಿಡಬೇಕು ಎಂಬ ಕಟ್ಟಳೆ ಫ್ರಾನ್ಸಿನಲ್ಲಿ 16ನೇ ಶತಮಾನದಿಂದಲೇ ಇತ್ತು. 1667ರಲ್ಲಿ ಹದಿನಾಲ್ಕನೇ ಲೂಯಿ ಹೊರಡಿಸಿದ ಆಜ್ಞೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಎರಡು ಪ್ರತಿ ಬರೆಯಬೇಕು. ಒಂದು ಚರ್ಚಿನಲ್ಲಿ ಇರಬೇಕು, ಇನ್ನೊಂದು ವರ್ಷ ಮುಗಿದ ಮೇಲೆ ಕೋರ್ಟಿನ ದಫ್ತರಕ್ಕೆ ಹೋಗಬೇಕು. ನ್ಯೂ ಫ್ರಾನ್ಸಿನಲ್ಲಿ, ಅಂದರೆ ಉತ್ತರ ಅಮೆರಿಕದ ಫ್ರೆಂಚ್ ವಸಾಹತಿನಲ್ಲಿ, ಇದು 1678ರಲ್ಲಿ ಜಾರಿಗೆ ಬಂತು. ಚರ್ಚಿಗೆ ಬೆಂಕಿ ಬಿದ್ದರೆ ಕೋರ್ಟಿನ ಪ್ರತಿ ಉಳಿಯುತ್ತದೆ. ಕೋರ್ಟಿನದಕ್ಕೆ ಗೆದ್ದಲು ಹಿಡಿದರೆ ಚರ್ಚಿನದು ಉಳಿಯುತ್ತದೆ. ಬ್ರಿಟಿಷರು ಬಂದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. 1774ರ ಕ್ವಿಬೆಕ್ ಕಾಯ್ದೆ ಕ್ಯಾಥೊಲಿಕ್ ಧರ್ಮವನ್ನೂ ಫ್ರೆಂಚ್ ಸಿವಿಲ್ ಕಾನೂನನ್ನೂ ಹಾಗೇ ಬಿಟ್ಟಿತು. ಕ್ವಿಬೆಕ್‌ನಲ್ಲಿ ಜನನ-ಮರಣ-ಮದುವೆಯ ದಾಖಲೆ ಪೂರ್ತಿಯಾಗಿ ಸರ್ಕಾರದ ಕೈಗೆ ಹೋದದ್ದು 1994ರಲ್ಲಿ.

ಮದುವೆಯ ದಾಖಲೆಯಲ್ಲಿ ಏನಿರುತ್ತದೆ? ಗಂಡಿನ ಹೆಸರು, ಕಸುಬು, ಅವನ ತಂದೆ-ತಾಯಿ, ಅವರ ಊರು. ಹೆಣ್ಣಿನ ಹೆಸರು, ಅವಳ ತಂದೆ-ತಾಯಿ, ಅವರ ಊರು. ತಂದೆ ತೀರಿಕೊಂಡಿದ್ದರೆ 'ದಿವಂಗತ' ಎಂಬ ಮಾತು. ಫ್ರಾನ್ಸಿನಿಂದ ಬಂದವರಾದರೆ ಅಲ್ಲಿನ ಧರ್ಮಕೇಂದ್ರ ಮತ್ತು ಧರ್ಮಪ್ರಾಂತ್ಯ. ಸಾಕ್ಷಿಗಳ ಹೆಸರು, ಕೆಲವೊಮ್ಮೆ ಅವರು ಯಾರಿಗೆ ಏನಾಗಬೇಕು ಎನ್ನುವುದೂ ಇರುತ್ತದೆ. ಕೊನೆಗೆ ಸಹಿ, ಇಲ್ಲವೇ 'ಸಹಿ ಮಾಡಲು ಬಾರದು ಎಂದರು' ಎಂಬ ಸಾಲು.

ಇದರಲ್ಲಿ ಹೆಣ್ಣಿಗೆ ತವರಿನ ಹೆಸರೇ ಇರುತ್ತದೆ. ಮದುವೆಯಾದ ಮೇಲೂ ಕಾಗದಪತ್ರಗಳಲ್ಲಿ ಅದೇ ಹೆಸರು, ಸಾಯುವವರೆಗೂ. ಮಗಳ ಮದುವೆಯಲ್ಲಿ ಅವಳನ್ನು ಬರೆಯುವುದೂ ಅದೇ ಹೆಸರಿನಲ್ಲಿ. ಇಂಗ್ಲಿಷ್ ವಸಾಹತುಗಳಲ್ಲಿ ಹೆಂಡತಿ 'ಜಾನ್‌ನ ಹೆಂಡತಿ ಮೇರಿ' ಆಗಿಬಿಡುತ್ತಾಳೆ. ಆಮೇಲೆ ಅವಳ ತವರು ಯಾವುದು ಅಂತ ಹುಡುಕಲು ಜೀವಮಾನ ಬೇಕು. ಕ್ವಿಬೆಕ್‌ನಲ್ಲಿ ಅಜ್ಜಿಯ ಅಜ್ಜಿಯ ಅಜ್ಜಿಯನ್ನೂ ಅವಳದೇ ಹೆಸರಿನಲ್ಲಿ ಹುಡುಕಬಹುದು.

ಹಾಗಾಗಿ ಹುಡುಕುವ ದಾರಿ ಇದು. ಗೊತ್ತಿರುವ ಅಜ್ಜ-ಅಜ್ಜಿಯ ಮದುವೆ ದಾಖಲೆ ಹಿಡಿಯಿರಿ. ಅದರಲ್ಲಿ ನಾಲ್ಕು ಹೆಸರು ಸಿಗುತ್ತವೆ, ಅಂದರೆ ಎರಡು ಜೋಡಿ. ಆ ಎರಡು ಜೋಡಿಗಳ ಮದುವೆ ಹುಡುಕಿ. ಅಲ್ಲಿಂದ ನಾಲ್ಕು ಜೋಡಿ. ಹೀಗೆ ಒಂದೊಂದು ಮದುವೆಯೂ ಹಿಂದಿನ ಎರಡು ಮದುವೆಗೆ ಕೈ ತೋರಿಸುತ್ತದೆ. ಸಾಮಾನ್ಯವಾಗಿ ಹತ್ತು ಹನ್ನೆರಡು ತಲೆಮಾರಿಗೆ ಹಡಗಿನಿಂದ ಇಳಿದವರು ಸಿಗುತ್ತಾರೆ. ಜ್ಞಾನಸ್ನಾನದ ದಾಖಲೆಯಿಂದಲೇ ಶುರು ಮಾಡುವವರು ಬೇಗ ದಾರಿ ತಪ್ಪುತ್ತಾರೆ. ಒಂದೇ ಊರಿನಲ್ಲಿ ಒಂದೇ ವರ್ಷ ಮೂರು ಜಾಂ-ಬಾಪ್ಟಿಸ್ಟ್ ರುವಾ ಹುಟ್ಟಿರುತ್ತಾರೆ. ಒಂದು ಮಗು ಸತ್ತರೆ ಮುಂದಿನ ಮಗುವಿಗೆ ಅದೇ ಹೆಸರು ಇಟ್ಟಿರುತ್ತಾರೆ. ಮದುವೆಯಲ್ಲಿ ಈ ತೊಂದರೆ ಕಡಿಮೆ. ಒಬ್ಬ ಜಾಂ-ಬಾಪ್ಟಿಸ್ಟ್‌ನ ಜೊತೆ ಹೆಂಡತಿ, ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರೂ ನಿಂತಿರುತ್ತಾರೆ. ಆರು ಹೆಸರೂ ಹೊಂದಬೇಕು.

ಒಂದು ಎಚ್ಚರಿಕೆ ಇದೆ. ವಿಧವೆ ಅಥವಾ ವಿಧುರ ಮರುಮದುವೆಯಾದಾಗ ಗುರುಗಳು ಹಲವು ಸಲ ತಂದೆ-ತಾಯಿಯ ಹೆಸರು ಬಿಟ್ಟು, 'ದಿವಂಗತ ಇಂಥವರ ವಿಧವೆ' ಅಂತ ಮಾತ್ರ ಬರೆಯುತ್ತಾರೆ. ಆಗ ಹಿಂದಿನ ಮದುವೆಗೆ ಹೋಗಬೇಕು. ಆ ಕಾಲದಲ್ಲಿ ಮರುಮದುವೆ ತುಂಬಾ ಸಾಮಾನ್ಯ. ಒಂಟಿಯಾಗಿ ಹೊಲ ಮತ್ತು ಮಕ್ಕಳನ್ನು ನೋಡಿಕೊಳ್ಳುವುದು ಆಗದ ಮಾತು. ಗಂಡ ಸತ್ತ ಕೆಲವೇ ತಿಂಗಳಿಗೆ ಮತ್ತೆ ಮದುವೆಯಾದವರು ಬೇಕಾದಷ್ಟಿದ್ದಾರೆ.

ನೋಟರಿಯ ಕಾಗದ

1640ರಲ್ಲಿ ಕ್ವಿಬೆಕ್‌ನ ಚರ್ಚಿಗೆ ಬೆಂಕಿ ಬಿತ್ತು. ಆಗಿನ್ನೂ ಎರಡನೇ ಪ್ರತಿಯ ಕಟ್ಟಳೆ ಇರಲಿಲ್ಲ. ಅಲ್ಲಿಯವರೆಗಿನ ರಿಜಿಸ್ಟರ್ ಎಲ್ಲ ಸುಟ್ಟುಹೋಯಿತು. ಜನ ಇನ್ನೂ ಕೆಲವೇ ನೂರು ಇದ್ದುದರಿಂದ ಜೆಸ್ವಿಟ್ ಗುರುಗಳು ನೆನಪಿನಿಂದ ಮತ್ತೆ ಬರೆದರು. ಇವತ್ತು ನಾವು ಓದುವ 1621ರಿಂದ 1640ರವರೆಗಿನ ಕ್ವಿಬೆಕ್ ದಾಖಲೆ ಹೀಗೆ ನೆನಪಿನಿಂದ ಬಂದದ್ದು.

ಆ ಕಾಲದ ಒಂದು ಮದುವೆಗೆ ಬೇರೆಯದೇ ಸಾಕ್ಷಿ ಉಳಿದಿದೆ. ಝಕಾರಿ ಕ್ಲುತಿಯೇ ಎಂಬ ಬಡಗಿ 1634ರಲ್ಲಿ ಪೆರ್ಶ್‌ನಿಂದ ಬಂದು ಬೋಪೋರ್‌ನಲ್ಲಿ ನೆಲೆಸಿದ್ದ. ಅವನ ಮಗಳು ಆನ್‌ಳಿಗೂ ರೊಬೇರ್ ದ್ರುವಾನ್‌ನಿಗೂ 1636ರ ಜುಲೈ 27ರಂದು ಮದುವೆ ಕರಾರು ಆಯಿತು. ಕರಾರುಪತ್ರ ಬರೆದಿಡುವ ನೋಟರಿ ಇರಲಿಲ್ಲ. ಕಲ್ಲುಕುಟಿಗ ಜಾಂ ಗುಯೋನ್ ಪತ್ರ ಬರೆದ. ಬೋಪೋರ್‌ನ ಜಮೀನುದಾರ ರೊಬೇರ್ ಜಿಫಾರ್‌ನ ಮನೆಯಲ್ಲಿ ಇದು ನಡೆಯಿತು. ಕೆನಡಾದಲ್ಲಿ ಉಳಿದಿರುವ ಅತಿ ಹಳೆಯ ಮದುವೆ ಕರಾರು ಇದೇ. ಕ್ಲುತಿಯೇಗೆ ಓದು ಬರಹ ಬರುತ್ತಿರಲಿಲ್ಲ. ಸಹಿ ಮಾಡಬೇಕಾದ ಕಡೆ ಕೊಡಲಿಯ ಚಿತ್ರ ಬಿಡಿಸುತ್ತಿದ್ದ. ಆನ್‌ಳಿಗೆ ಆಗ ಹತ್ತು ವರ್ಷ. ಓದುವಾಗ ಮನಸ್ಸು ಒಂದು ಕ್ಷಣ ನಿಂತುಬಿಡುತ್ತದೆ, ಅಲ್ವಾ? ಚರ್ಚಿನಲ್ಲಿ ಮದುವೆ ಆದದ್ದು ಮರುವರ್ಷ, 1637ರ ಜುಲೈನಲ್ಲಿ. ಈ ಕ್ಲುತಿಯೇಯ ಸಂತಾನದಲ್ಲಿ 1800ಕ್ಕೆ ಮುಂಚೆಯೇ ಮದುವೆಯಾದವರ ಸಂಖ್ಯೆ 10,850. ಅಷ್ಟು ದೊಡ್ಡ ಸಂತಾನ ಬೇರೆ ಯಾವ ವಲಸಿಗನಿಗೂ ಇಲ್ಲ.

ನೋಟರಿಗಳ ಕಾಗದವನ್ನು ಹೊಸಬರು ಅಷ್ಟಾಗಿ ಮುಟ್ಟುವುದಿಲ್ಲ. ಅಕ್ಷರ ಕಷ್ಟ, ಪುಟ ಜಾಸ್ತಿ. ನಿಜವಾದ ನಿಧಿ ಇರುವುದು ಅಲ್ಲೇ. 1664ರಿಂದ ನ್ಯೂ ಫ್ರಾನ್ಸಿಗೆ 'ಪ್ಯಾರಿಸ್ ಕಟ್ಟಳೆ' ಎಂಬ ಒಂದೇ ಕಾನೂನು. ಅದರ ಪ್ರಕಾರ ಗಂಡ-ಹೆಂಡತಿ ಸೇರಿ ದುಡಿದ ಆಸ್ತಿ ಇಬ್ಬರದೂ. ಒಬ್ಬರು ಸತ್ತರೆ ಅರ್ಧ ಉಳಿದವರಿಗೆ, ಅರ್ಧ ಮಕ್ಕಳಿಗೆ. ಸಾಮಾನ್ಯ ಜನರಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಪಾಲು ಮಾಡಬೇಕಾದರೆ ಪಟ್ಟಿ ಬೇಕು. ಪಟ್ಟಿ ಬೇಕಾದರೆ ನೋಟರಿ ಬೇಕು. ಈ ಕಾನೂನಿನಿಂದಾಗಿಯೇ ಬಡವರ ಮನೆಯೊಳಗೂ ನೋಟರಿ ಕಾಲಿಟ್ಟ.

ಯಜಮಾನ ಸತ್ತ ಮೇಲೆ ಮಾಡುವ ಆಸ್ತಿಪಟ್ಟಿಯನ್ನೇ ನೋಡಿ. ನೋಟರಿ ಒಲೆಯ ಹತ್ತಿರದಿಂದ ಶುರು ಮಾಡುತ್ತಾನೆ. ಕಬ್ಬಿಣದ ಕಡಾಯಿ, ಸವೆದ ಕಂಬಳಿ, ಕೊಡಲಿ, ಬಂದೂಕು. ಆಮೇಲೆ ಕೊಟ್ಟಿಗೆ, ಹಸು, ಕಣಜದ ಗೋಧಿ. ಆಮೇಲೆ ಯಾರಿಗೆ ಎಷ್ಟು ಸಾಲ. ಕೊನೆಗೆ ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳು. ಇದು ತುಂಬಾ ಜನ ಓದದೆ ಬಿಡುವ ಭಾಗ. ಇಂಥ ನೋಟರಿ ಇಂಥ ದಿನ ಬರೆದ ಮದುವೆ ಕರಾರು, ಇಂಥ ದಿನ ಮಂಜೂರಾದ ಜಮೀನಿನ ಪತ್ರ, ಹೀಗೆ ಒಂದೊಂದಕ್ಕೂ ತಾರೀಖು ಮತ್ತು ನೋಟರಿಯ ಹೆಸರು ಇರುತ್ತದೆ. ಒಂದು ಪಟ್ಟಿ ಸಿಕ್ಕರೆ ಇಡೀ ಸಂಸಾರದ ಮಿಕ್ಕ ಕಾಗದಗಳ ಜಾಡು ಸಿಕ್ಕ ಹಾಗೆ.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ಪೋಷಕತ್ವದ ದಾಖಲೆ. ಮಕ್ಕಳು ಚಿಕ್ಕವರಿರುವಾಗ ಅಪ್ಪನೋ ಅಮ್ಮನೋ ಸತ್ತರೆ, ಅವರ ಪಾಲು ಕಾಯಲು ಒಬ್ಬರನ್ನು ನೇಮಿಸಬೇಕು. ಅದಕ್ಕೆ ನ್ಯಾಯಾಧೀಶನ ಮುಂದೆ ನೆಂಟರು, ಸ್ನೇಹಿತರು, ಸಾಮಾನ್ಯವಾಗಿ ಏಳು ಮಂದಿ ಸೇರುತ್ತಾರೆ. ಒಬ್ಬೊಬ್ಬರ ಹೆಸರಿನ ಮುಂದೆಯೂ ಚಿಕ್ಕಪ್ಪ, ಸೋದರಮಾವ, ಅಕ್ಕನ ಗಂಡ ಎಂಬಂತೆ ಸಂಬಂಧ ಬರೆದಿರುತ್ತದೆ. ಮಕ್ಕಳ ಹೆಸರು, ವಯಸ್ಸು ಸಾಲಾಗಿ ಇರುತ್ತವೆ. ಚರ್ಚಿನ ದಾಖಲೆ ಕಳೆದುಹೋದ ಕಡೆ ಇದೊಂದೇ ಕಾಗದ ಮೂರು ತಲೆಮಾರನ್ನು ಕಟ್ಟಿ ಕೊಡುತ್ತದೆ.

ಎರಡು ಹೆಸರಿನ ಜನ

ಈಗ ಎಲ್ಲರೂ ಎಡವುವ ಜಾಗ. ಒಂದೇ ಮನುಷ್ಯನಿಗೆ ಎರಡು ಮನೆತನದ ಹೆಸರು. ದಾಖಲೆಯಲ್ಲಿ ನಡುವೆ 'ದಿ' ಎಂದಿರುತ್ತದೆ, 'ಉರುಫ್' ಅನ್ನುವಂತೆ. ಹ್ಯುದೋನ್ ದಿ ಬೋಲ್ಯು, ಮಿವಿಲ್ ದಿ ದೆಶೆನ್, ಹೀಗೆ. ಇದಕ್ಕೆ ದೊಡ್ಡ ಕಾರಣ ಸೈನ್ಯ. ಸಿಪಾಯಿಗಳಿಗೆ ದಳದಲ್ಲಿ ಒಂದು ಅಡ್ಡಹೆಸರು ಬೀಳುತ್ತಿತ್ತು. ಲಾಫ್ಲರ್, ಸಾನ್ಸುಸಿ, ಬೆಲ್ಯುಮರ್, ಲಾಜ್ನೆಸ್, ಇಂಥವು. ಕೆಲವರಿಗೆ ಬಿಟ್ಟುಬಂದ ಊರು ಹೆಸರಾಯಿತು, ಕೆಲವರಿಗೆ ಹೊಲದ ಪಕ್ಕದ ಮರ. ಸೈನ್ಯ ಬಿಟ್ಟ ಮೇಲೂ ಅಡ್ಡಹೆಸರು ಉಳಿಯಿತು, ಮಕ್ಕಳಿಗೂ ಬಂತು.

ಆಂತ್ವಾನ್ ರುವಾ ದಿ ದೆಜಾರ್ದೆನ್ ಎಂಬುವನ ಕಥೆ ನೋಡಿ. ಫ್ರಾನ್ಸಿನ ಜ್ವಾನ್ಯಿ ಊರಿನ ಪೀಪಾಯಿ ಮಾಡುವವನ ಮನೆಯವನು. ಕಾರಿನ್ಯಾನ್ ದಳದ ಸಿಪಾಯಿಯಾಗಿ ಬಂದ. 1668ರಲ್ಲಿ ಮರೀ ಮಾಜೋರ್ ಎಂಬ 'ರಾಜನ ಹೆಣ್ಣುಮಗಳನ್ನು' ಮದುವೆಯಾದ. ಅವನ ಸಂತಾನದವರು ಕೆಲವು ಕಡೆ ರುವಾ, ಕೆಲವು ಕಡೆ ದೆಜಾರ್ದೆನ್, ಇನ್ನು ಕೆಲವು ಕಡೆ ಎರಡನ್ನೂ ಹೇಳಿಕೊಂಡರು. ಇನ್ನೂರು ವರ್ಷ ಈ ಎರಡೂ ಹೆಸರು ಜೊತೆಯಲ್ಲೇ ಓಡಿದವು. 1900ರಲ್ಲಿ ಲೆವಿಯಲ್ಲಿ ಸಹಕಾರಿ ಬ್ಯಾಂಕ್ ಶುರು ಮಾಡಿದ ಆಲ್ಫೋನ್ಸ್ ದೆಜಾರ್ದೆನ್‌ನ ಅಪ್ಪನೂ ರುವಾ ದಿ ದೆಜಾರ್ದೆನ್. ಅಮೆರಿಕಕ್ಕೆ ಹೋದ ರುವಾಗಳಲ್ಲಿ ಎಷ್ಟೋ ಮಂದಿ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ 'ಕಿಂಗ್' ಆದರು.

ಇದು ಅಮೆರಿಕದಲ್ಲಿ ತುಂಬಾ ನಡೆಯಿತು. 1840ರಿಂದ 1930ರವರೆಗೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಹೋದರು. ಜಾಸ್ತಿ ಮಂದಿ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ. ಲಬ್ಲಾನ್ ಅಲ್ಲಿ ವೈಟ್ ಆದ, ಬ್ವಾವೇರ್ ಗ್ರೀನ್‌ವುಡ್ ಆದ, ಲಾಜ್ನೆಸ್ ಯಂಗ್ ಆದ. ಹಾಗಾಗಿ ಅಮೆರಿಕದ ಒಬ್ಬ ಮಿಸ್ಟರ್ ವೈಟ್ ತನ್ನ ಮೂಲ ಹುಡುಕಬೇಕಾದರೆ ಹೆಸರನ್ನು ನೆಚ್ಚಿಕೊಂಡು ಹೋಗಬಾರದು. ಅಜ್ಜಿಯ ಹೆಸರು, ಮಕ್ಕಳ ಹೆಸರು, ಚರ್ಚಿನ ಊರು ಇವನ್ನು ಹಿಡಿದು ಹೋಗಬೇಕು. ಅಮೆರಿಕದ ಫ್ರೆಂಚ್ ಧರ್ಮಕೇಂದ್ರಗಳ ಗುರುಗಳು ಅಲ್ಲೂ ತಾಯಿಯ ತವರಿನ ಹೆಸರು ಬರೆಯುವ ರೂಢಿ ಬಿಡಲಿಲ್ಲ. ಅಲ್ಲಿಂದ ಗಡಿ ದಾಟುವುದು ಸುಲಭ.

ಉಲ್ಟಾ ಕೂಡ ಆಗಿದೆ. 1704ರಲ್ಲಿ ಮ್ಯಾಸಚೂಸೆಟ್ಸ್‌ನ ಗ್ರೋಟನ್ ಊರಿನಿಂದ ಮಥಾಯಸ್ ಫಾರ್ನ್ಸ್‌ವರ್ತ್ ಎಂಬ ಹುಡುಗನನ್ನು ಸೆರೆ ಹಿಡಿದು ಕೆನಡಾಕ್ಕೆ ತಂದರು. ಅವನು ಅಲ್ಲೇ ಕ್ಯಾಥೊಲಿಕ್ ಆದ, ಅಲ್ಲೇ ಮದುವೆಯಾದ. ಫ್ರೆಂಚ್ ಕಿವಿಗೆ ಅವನ ಹೆಸರು ಹೇಗೆ ಕೇಳಿಸಿತೋ ಹಾಗೆ ಬರೆದರು. ಕ್ವಿಬೆಕ್‌ನ ಫಾನೆಫ್ ಮನೆತನ ಅವನದು. ಅಪ್ಪಟ ಫ್ರೆಂಚ್ ಎಂದು ಕಾಣುವ ಹೆಸರಿನ ಹಿಂದೆ ಇಂಗ್ಲಿಷ್ ಹುಡುಗ.

ಬೇಕೆಂದೇ ಹೆಸರು ಬದಲಿಸಿದವನನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಲೇಖಕ ಜಾಕ್ ಕೆರುವಾಕ್ 1922ರಲ್ಲಿ ಮ್ಯಾಸಚೂಸೆಟ್ಸ್‌ನ ಲೋವೆಲ್‌ನಲ್ಲಿ ಹುಟ್ಟಿದವನು. ಅಪ್ಪ-ಅಮ್ಮ ಇಬ್ಬರೂ ಫ್ರೆಂಚ್ ಕೆನಡಿಯನ್ನರು. ತನ್ನ ಮನೆತನದ ಮೂಲ ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲಿದೆ ಅನ್ನುವುದು ಗೊತ್ತಿತ್ತು. 1965ರಲ್ಲಿ ಅದನ್ನು ಹುಡುಕಿಕೊಂಡು ಫ್ರಾನ್ಸಿಗೇ ಹೋದ. ಸಿಗಲಿಲ್ಲ. 1969ರಲ್ಲಿ ತೀರಿಕೊಂಡ. ಮೂಲಪುರುಷ 1732ರಲ್ಲಿ ಕಾಪ್-ಸೇಂತ್-ಇನ್ಯಾಸ್‌ನಲ್ಲಿ ಲೂಯಿಸ್ ಬೆರ್ನಿಯೇಯನ್ನು ಮದುವೆಯಾದ ವ್ಯಾಪಾರಿ, 1736ರಲ್ಲಿ ಕಮುರಾಸ್ಕಾದಲ್ಲಿ ಸತ್ತ ಎನ್ನುವುದು ಸ್ಪಷ್ಟವಿತ್ತು. ಆದರೆ ಕೆನಡಾದ ಕಾಗದಗಳಲ್ಲಿ ಅವನು ಒಮ್ಮೆ ಮೊರೀಸ್-ಲೂಯಿ, ಒಮ್ಮೆ ಅಲೆಕ್ಸಾಂದ್ರ್, ಒಮ್ಮೆ ಲ ಬ್ರಿಸ್. ಆ ಹೆಸರು ಹಿಡಿದು ಬ್ರಿಟನಿಯಲ್ಲಿ ಎಷ್ಟು ಹುಡುಕಿದರೂ ಬರಿಗೈ. 1990ರ ದಶಕದ ಕೊನೆಯ ಹೊತ್ತಿಗೆ ಸಂಶೋಧಕರು ಗಂಟು ಬಿಡಿಸಿದರು. ಅವನು ಯೆಲ್ಗೊಆ ಊರಿನ ನೋಟರಿಯ ಮಗ ಉರ್ಬೇನ್-ಫ್ರಾನ್ಸ್ವಾ ಲ ಬಿಯಾನ್. ಊರಿನಲ್ಲಿ ಕಳ್ಳತನದ ಆರೋಪ ಹೊತ್ತು ಹೊರಟು ಬಂದವನು. 'ಕೆರ್ವೊಆಕ್' ಎಂಬುದು ಆ ಮನೆತನದ ಜಮೀನಿನ ಹೆಸರು. ಅಂದರೆ ಮೂಲ ಹೆಸರಿನ ಬಾಲ ಮಾತ್ರ ಉಳಿಸಿಕೊಂಡಿದ್ದ.

ಜನಗಣತಿಯ ಬಗ್ಗೆ ಎರಡು ಮಾತು ಸಾಕು. 1666, 1667, 1681ರ ಪಟ್ಟಿಗಳು ಹೆಸರು ಸಮೇತ ಉಳಿದಿವೆ. 1681ರದರಲ್ಲಿ ಯಾರ ಮನೆಯಲ್ಲಿ ಎಷ್ಟು ಬಂದೂಕು, ಎಷ್ಟು ದನ, ಎಷ್ಟು ಜಮೀನು ಎಂಬುದೂ ಇದೆ. ಯಾರು ಯಾರ ಪಕ್ಕದಲ್ಲಿ ಇದ್ದರು ಅಂತ ತಿಳಿಯಲು ಇವು ಚಿನ್ನ. ವಯಸ್ಸನ್ನು ಮಾತ್ರ ನಂಬಬೇಡಿ. ಅಂದಾಜಿನ ಮೇಲೆ ಬರೆದದ್ದು. 1666ರ ಗಣತಿಯಿಂದ 1681ರದಕ್ಕೆ ಹದಿನೈದು ವರ್ಷ ಕಳೆದರೂ ಕೆಲವರಿಗೆ ಹತ್ತೇ ವರ್ಷ ವಯಸ್ಸಾಗಿರುತ್ತದೆ.

ಕಡಲಾಚೆ

ಹಡಗಿಳಿದವನ ತನಕ ಬಂದಾಯಿತು. ಅಲ್ಲಿಂದ ಫ್ರಾನ್ಸಿಗೆ ದಾಟುವುದು ಎಲ್ಲರಿಗೂ ಆಗುವುದಿಲ್ಲ. ಪೆರ್ಶ್‌ನ ತುರೂವ್ರ್, ಮೊರ್ತಾನ್ಯ್ ಕಡೆಯವರಾದರೆ ಅದೃಷ್ಟ ಚೆನ್ನಾಗಿದೆ, ಅಲ್ಲಿನ ಕಾಗದಗಳು ಉಳಿದಿವೆ. ಲಾ ರೋಶೆಲ್ ಕಡೆಯವರಲ್ಲಿ ಕೆಲವರ ಹಿರಿಯರು ಪ್ರೊಟೆಸ್ಟೆಂಟರು, ಅವರಿಗೆ ಬೇರೆ ರಿಜಿಸ್ಟರ್ ನೋಡಬೇಕು. ಪ್ಯಾರಿಸ್‌ನವರಾದರೆ ಗೋಡೆಯೇ ಎದುರಾಗುತ್ತದೆ. 1871ರಲ್ಲಿ ಪ್ಯಾರಿಸ್ ಕಮ್ಯೂನಿನ ದಂಗೆಯ ಕೊನೆಯ ದಿನಗಳಲ್ಲಿ ಸರ್ಕಾರಿ ಕಟ್ಟಡಗಳಿಗೆ ಬೆಂಕಿ ಬಿದ್ದಾಗ ನಗರದ ಧರ್ಮಕೇಂದ್ರಗಳ ಹಳೆಯ ರಿಜಿಸ್ಟರುಗಳೂ, ಅವುಗಳ ಎರಡನೇ ಪ್ರತಿಗಳೂ ಸುಟ್ಟವು. 'ರಾಜನ ಹೆಣ್ಣುಮಕ್ಕಳಲ್ಲಿ' ದೊಡ್ಡ ಪಾಲು ಪ್ಯಾರಿಸ್‌ನವರು, ಎಷ್ಟೋ ಮಂದಿ ಸಾಲ್ಪೆತ್ರಿಯೇರ್ ಅನಾಥಾಲಯದಿಂದ ಬಂದವರು. ಅವರಲ್ಲಿ ಹಲವರ ತಂದೆ-ತಾಯಿಯ ಬಗ್ಗೆ ಇಡೀ ಜಗತ್ತಿನಲ್ಲಿ ಉಳಿದಿರುವ ಸಾಲು ಅವರು ಕ್ವಿಬೆಕ್‌ನಲ್ಲಿ ಮದುವೆಯಾದ ದಿನ ಹೇಳಿ ಬರೆಸಿದ್ದು ಮಾತ್ರ.

ಅಕೇಡಿಯಾದ ಕಥೆ ಬೇರೆ. ಇಂದಿನ ನೋವಾ ಸ್ಕೋಶಿಯಾ ಕಡೆಯ ಆ ಫ್ರೆಂಚರನ್ನು 1755ರಿಂದ ಬ್ರಿಟಿಷರು ಹಡಗಿಗೆ ತುಂಬಿ ದಿಕ್ಕುದಿಕ್ಕಿಗೆ ಅಟ್ಟಿದರು. ಚರ್ಚು ಸುಟ್ಟವು, ರಿಜಿಸ್ಟರ್ ಚೆಲ್ಲಾಪಿಲ್ಲಿಯಾದವು. ಗ್ರಾನ್-ಪ್ರೆಯ ಜನ ತಮ್ಮ ರಿಜಿಸ್ಟರನ್ನು ಜೊತೆಗೇ ಹೊತ್ತುಕೊಂಡು ಹೋದರು. ಅದು ಲೂಯಿಸಿಯಾನಾ ಸೇರಿ ಈಗ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದ ಬಳಿ ಇದೆ. ಮನೆ, ಹೊಲ, ದನ ಎಲ್ಲ ಬಿಟ್ಟು ಹೋಗುವಾಗ ಯಾರ ಮಗ ಯಾರು ಅಂತ ಬರೆದ ಪುಸ್ತಕವನ್ನು ಕೈಬಿಡಲಿಲ್ಲ ಅವರು.

ಈಗ ಕೆಲಸ ಹಿಂದಿನಷ್ಟು ಕಷ್ಟವಿಲ್ಲ. ಸಿಪ್ರಿಯೇನ್ ತಾಂಗೆ ಎಂಬ ಗುರುಗಳು ಊರೂರು ಸುತ್ತಿ 1871ರಿಂದ 1890ರವರೆಗೆ ಏಳು ಸಂಪುಟಗಳ ವಂಶಕೋಶ ತಂದರು. ಒಬ್ಬರ ಕೈಕೆಲಸ ಅದು, ತಪ್ಪುಗಳಿವೆ, ಆದರೂ ದಾರಿ ಹಾಕಿಕೊಟ್ಟಿತು. 1966ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯ ಎಲ್ಲ ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹಾಕಿ ಒಂದೊಂದು ಸಂಸಾರವನ್ನೂ ಕೂಡಿಸುವ ಕೆಲಸ ಶುರು ಮಾಡಿತು. ದ್ರುವಾನ್ ಸಂಸ್ಥೆ ಮೈಕ್ರೋಫಿಲ್ಮ್ ಮಾಡಿದ ರಿಜಿಸ್ಟರುಗಳು, ಕ್ವಿಬೆಕ್ ರಾಷ್ಟ್ರೀಯ ಪತ್ರಾಗಾರದ ನೋಟರಿ ಕಡತಗಳು ಈಗ ಮನೆಯಲ್ಲೇ ಕೂತು ನೋಡಬಹುದು. ಇಷ್ಟೆಲ್ಲ ಇರುವಾಗ ಇಂಟರ್‌ನೆಟ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷವನ್ನು ಸುಮ್ನೆ ನಕಲು ಮಾಡಬೇಡಿ. ಒಬ್ಬರ ತಪ್ಪು ನೂರು ಕಡೆ ನಕಲಾಗಿ ನಿಜದಂತೆ ನಿಂತಿರುತ್ತದೆ. ಮೂಲ ಪುಟದ ಚಿತ್ರ ತೆರೆದು ಆರು ಹೆಸರನ್ನೂ ಓದಿ.

ಲೆಕ್ಕದ ಪ್ರಕಾರ ಹತ್ತು ತಲೆಮಾರು ಹಿಂದೆ ಒಬ್ಬರಿಗೆ 1,024 ಪೂರ್ವಜರು, ಹನ್ನೆರಡಕ್ಕೆ 4,096. ಕ್ವಿಬೆಕ್‌ನಲ್ಲಿ ಅಷ್ಟು ಬೇರೆ ಬೇರೆ ಜನ ಸಿಗುವುದಿಲ್ಲ. ಅವರೇ ಮತ್ತೆ ಮತ್ತೆ ಬರುತ್ತಾರೆ. ಮದುವೆ ದಾಖಲೆಯಲ್ಲೇ ಇದಕ್ಕೆ ಸುಳಿವಿರುತ್ತದೆ. ಗಂಡಿಗೂ ಹೆಣ್ಣಿಗೂ ಮುತ್ತಜ್ಜ-ಮುತ್ತಜ್ಜಿ ಒಬ್ಬರೇ ಆಗಿದ್ದರೆ ಆಗಿನ ಚರ್ಚಿನ ಲೆಕ್ಕದಲ್ಲಿ ಅದು ಮೂರನೇ ಹಂತದ ರಕ್ತಸಂಬಂಧ, ಅವರ ಅಪ್ಪ-ಅಮ್ಮ ಒಬ್ಬರೇ ಆಗಿದ್ದರೆ ನಾಲ್ಕನೆಯದು. ಇಂಥ ಮದುವೆಗೆ ಆಗ ಬಿಷಪ್ಪರ ಅನುಮತಿ ಬೇಕಿತ್ತು. ಗುರುಗಳು ಅದನ್ನು ಬರೆದಿರುತ್ತಾರೆ. ಎಲ್ಲೋ ಸಿಕ್ಕಿಬಿದ್ದಾಗ ಈ ಸಾಲು ಹಿಂದಕ್ಕೆ ಎಷ್ಟು ತಲೆಮಾರು ಹೋಗಬೇಕು ಅಂತ ನೇರವಾಗಿ ಹೇಳುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿಸುವವರೂ ಇದನ್ನು ನೆನಪಿಡಬೇಕು. ಹಲವು ದಾರಿಯಿಂದ ಒಂದೇ ಪೂರ್ವಜರು ಬಂದಿರುವುದರಿಂದ ದೂರದ ನೆಂಟ ಹತ್ತಿರದವನಂತೆ ಕಾಣುತ್ತಾನೆ. ಕ್ವಿಬೆಕ್‌ನ ಸಾಗ್ನೆ ಕಣಿವೆಯಲ್ಲಿ ಈ ವಂಶಾವಳಿ ಆಸ್ಪತ್ರೆಯ ಕೆಲಸಕ್ಕೂ ಬಂತು. ಟೈರೋಸಿನೀಮಿಯಾ ಎಂಬ, ಮಗುವಿನ ಪಿತ್ತಜನಕಾಂಗ ಕೆಡಿಸುವ ಕಾಯಿಲೆಯ ವಂಶವಾಹಿ ಅಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಲ್ಲಿದೆ. ಅದು ಯಾವ ದಾರಿಯಿಂದ ಬಂತು ಅಂತ ಹುಡುಕಲು ಸಂಶೋಧಕರು ಬಳಸಿದ್ದು ಇದೇ ಮದುವೆ ದಾಖಲೆಗಳನ್ನು.

ದಾಖಲೆಯಲ್ಲಿ ಅರ್ಧ ಮಾತ್ರ ಇರುವವರು

ಇಷ್ಟು ಹೊತ್ತು ಹೊಗಳಿದ ಈ ಪದ್ಧತಿ ಎಲ್ಲರಿಗೂ ಒಂದೇ ಥರ ಇರಲಿಲ್ಲ. 1644ರಲ್ಲಿ ಮಾರ್ತೆನ್ ಪ್ರೆವೊ ಎಂಬ ಫ್ರೆಂಚ್ ವಲಸಿಗ ಮರೀ ಎಂಬ ಮೂಲನಿವಾಸಿ ಹೆಣ್ಣನ್ನು ಕ್ವಿಬೆಕ್‌ನಲ್ಲಿ ಮದುವೆಯಾದ. ಅಲ್ಲಿ ದಾಖಲಾದ ಇಂಥ ಮೊದಲ ಮದುವೆ ಅದು. ಅವರ ಸಂತಾನ ದೊಡ್ಡದು. ಇಂದು ಕ್ವಿಬೆಕ್‌ನಲ್ಲಿ ಹಲವರು ಹನ್ನೊಂದು ತಲೆಮಾರು ಹಿಂದಿನ ಇಂಥ ಒಬ್ಬ ಅಜ್ಜಿಯನ್ನು ತೋರಿಸಿ ತಾವೂ ಮೂಲನಿವಾಸಿಗಳು ಅನ್ನುತ್ತಾರೆ. ಅಜ್ಜಿ ಇದ್ದದ್ದು ನಿಜ. ಆದರೆ ಯಾವ ಸಮುದಾಯಕ್ಕೆ ಯಾರು ಸೇರಿದವರು ಅಂತ ಹೇಳುವ ಹಕ್ಕು ಆ ಸಮುದಾಯಗಳದು. ಚರ್ಚಿನ ರಿಜಿಸ್ಟರ್ ಅದನ್ನು ಕೊಡಲಾರದು.

ಗುಲಾಮರ ಪಾಡು ಇನ್ನೂ ಕಠಿಣ. ನ್ಯೂ ಫ್ರಾನ್ಸಿನಲ್ಲಿ ಗುಲಾಮಗಿರಿ ಇತ್ತು. 1709ರಲ್ಲಿ ರಾಜಪ್ರತಿನಿಧಿ ರೊದೊ ಅದಕ್ಕೆ ಕಾನೂನಿನ ಮುದ್ರೆಯನ್ನೂ ಒತ್ತಿದ. ಇತಿಹಾಸಕಾರ ಮಾರ್ಸೆಲ್ ತ್ರುದೆಲ್ ದಾಖಲೆಗಳನ್ನು ಜಾಲಾಡಿ ಸುಮಾರು 4,200 ಗುಲಾಮರನ್ನು ಗುರುತಿಸಿದರು. ಮೂರರಲ್ಲಿ ಎರಡು ಪಾಲು ಮೂಲನಿವಾಸಿಗಳು, ಅವರನ್ನು 'ಪಾನಿ' ಎಂದು ಬರೆಯುತ್ತಿದ್ದರು. ಮಿಕ್ಕವರು ಆಫ್ರಿಕಾ ಮೂಲದವರು. ಇವರ ದಾಖಲೆಯಲ್ಲಿ ತಂದೆ-ತಾಯಿಯ ಸಾಲೇ ಇರುವುದಿಲ್ಲ. ಒಂದು ಹೆಸರು, ಅಂದಾಜಿನ ವಯಸ್ಸು, ಆಮೇಲೆ 'ಇಂಥವರಿಗೆ ಸೇರಿದ' ಎಂಬ ಮಾತು. ಹಾಗಾಗಿ ಹುಡುಕುವ ದಾರಿಯೂ ಬದಲಾಗುತ್ತದೆ. ಮಾಲೀಕನ ಹೆಸರಿನಲ್ಲಿರುವ ನೋಟರಿ ಕಾಗದಗಳನ್ನೆಲ್ಲ ತೆರೆಯಬೇಕು. ಮಾರಾಟ ಪತ್ರ, ಉಯಿಲು, ಆಸ್ತಿಪಟ್ಟಿ. ಹಸು, ಕಡಾಯಿಗಳ ಸಾಲಿನ ನಡುವೆ ಬೆಲೆ ಕಟ್ಟಿದ ಒಬ್ಬ ಮನುಷ್ಯನ ಹೆಸರು ಅಲ್ಲಿ ಇರುತ್ತದೆ. ಮಾಲೀಕ ಬದಲಾದರೆ ಹೊಸ ಮಾಲೀಕನ ಕಾಗದಗಳಿಗೆ ಹೋಗಬೇಕು. ಕೋರ್ಟಿನ ಕಡತಗಳನ್ನೂ ಬಿಡಬಾರದು. 1734ರಲ್ಲಿ ಮಾಂಟ್ರಿಯಲ್‌ಗೆ ಬೆಂಕಿ ಹಚ್ಚಿದಳು ಎಂದು ಗಲ್ಲಿಗೇರಿಸಿದ ಮರೀ-ಜೋಸೆಫ್ ಆಂಜೆಲಿಕ್ ತನ್ನ ಬಗ್ಗೆ ಹೇಳಿಕೊಂಡ ಮಾತು ಉಳಿದಿರುವುದು ಆ ವಿಚಾರಣೆಯ ಕಡತದಲ್ಲಿ.

ಅತಿ ಹಳೆಯ ಉದಾಹರಣೆ ಒಬ್ಬ ಹುಡುಗನದು. 1629ರಲ್ಲಿ ಇಂಗ್ಲಿಷ್ ಹಡಗಿನವರ ಜೊತೆ ಬಂದು ಕ್ವಿಬೆಕ್‌ನಲ್ಲಿ ಮಾರಾಟವಾದ ಆಫ್ರಿಕನ್ ಹುಡುಗ. ಕೊನೆಗೆ ಗಿಯೋಮ್ ಕುಯಾರ್‌ನ ಮನೆ ಸೇರಿದ. 1633ರಲ್ಲಿ ಅವನಿಗೆ ಜ್ಞಾನಸ್ನಾನ ಮಾಡಿಸಿ ಒಲಿವಿಯೇ ಲ ಜನ್ ಎಂದು ಹೆಸರಿಟ್ಟರು. ಒಲಿವಿಯೇ ಎಂಬುದು ವ್ಯಾಪಾರ ಸಂಸ್ಥೆಯ ಗುಮಾಸ್ತ ಒಲಿವಿಯೇ ಲತಾರ್ದಿಫ್‌ನ ಹೆಸರು, ಲ ಜನ್ ಎಂಬುದು ಅವನಿಗೆ ಪಾಠ ಹೇಳಿದ ಜೆಸ್ವಿಟ್ ಗುರುವಿನ ಹೆಸರು. 1654ರಲ್ಲಿ ಸತ್ತ. ಅದೇ ಕುಯಾರ್ ಮದುವೆಯಾಗಿದ್ದು ಲೂಯಿ ಎಬೇರ್‌ನ ಮಗಳು ಗಿಯೋಮೆತ್‌ಳನ್ನು, 1621ರಲ್ಲಿ. ಆ ದಂಪತಿಯ ಸಂತಾನ ಇಂದು ಲಕ್ಷಗಟ್ಟಲೆ, ಅವರಲ್ಲಿ ಯಾರು ಬೇಕಾದರೂ ತಮ್ಮ ವಂಶವನ್ನು ಆ ಮನೆಯವರೆಗೆ ಒಂದೊಂದೇ ಮದುವೆ ಹಿಡಿದು ತಲುಪಬಹುದು. ಒಲಿವಿಯೇಯ ಅಪ್ಪ-ಅಮ್ಮನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.